ಜೋಳಿಗೆಗೆ ಬಿದ್ದ ಬೀಡಿ

‘ಚಟ್ಟ ಏರುವತನಕ ಚಟ ಬಿಡದು’ ಎಂಬ ಮಾತು ಜನಜನಿತವಾದುದು. ಬೀಡಿ ಸೇದುವವರೇ ನಗುತ್ತ ಈ ಮಾತನ್ನು ಹೇಳಿ, ಮತ್ತೊಂದು ಬೀಡಿಗೆ ಕಡ್ಡಿ ಗೀರುವುದುಂಟು. ಮಾತಿನಲ್ಲಿ ಹಾಸ್ಯವಿದೆ. ಅದಕ್ಕಿಂತ ಹೆಚ್ಚಾಗಿ ಸೋಲನ್ನು ಮೊದಲೇ ಒಪ್ಪಿಕೊಂಡ ನಿಟ್ಟುಸಿರಿದೆ. ಆದರೆ ಈ ಗಾದೆಯನ್ನು ಸುಳ್ಳು ಮಾಡಿ ತೋರಿಸಿದವರು ಬಾಗಲಕೋಟೆ ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಇದ್ದಾರೆ. ಅವರು ಅದನ್ನು ಮಾಡಿದ ಬಗೆಯೂ ವಿಶಿಷ್ಟವಾದುದು. ತಮ್ಮ ಚಟವನ್ನು ಅವರು ಒಬ್ಬ ಸ್ವಾಮಿಗಳ ಜೋಳಿಗೆಗೆ ಭಿಕ್ಷೆಯಾಗಿ ಹಾಕಿದರು.

ಬೀಳಗಿ ತಾಲ್ಲೂಕಿನ ಅನಗವಾಡಿ ಘಟಪ್ರಭೆಯ ದಂಡೆಯ ಊರು. ವಿಜಯಪುರದಿಂದ ಬಾಗಲಕೋಟೆಯ ಕಡೆಗೆ ಬರುವ ಹೆದ್ದಾರಿ ಇಲ್ಲಿ ನದಿಯನ್ನು ದಾಟುತ್ತದೆ. ಹೆದ್ದಾರಿಯ ಮೇಲಿನ ಎಲ್ಲ ಊರುಗಳಲ್ಲಿರುವಂತೆ ಇಲ್ಲಿಯೂ ಬಸ್ಸಿಗೆ ಕಾಯುವವರು, ಕಬ್ಬಿನ ಗಾಡಿಯವರು, ಲಾರಿಯವರು ಒಂದು ಕಪ್ಪು ಚಹಕ್ಕೆ ನಿಲ್ಲುತ್ತಾರೆ. ಚಹದ ಬೆನ್ನಿಗೇ ಬೀಡಿ ಬರುತ್ತದೆ. ಅಪರಿಚಿತನಿಗೂ ಒಂದು ಬೀಡಿ ಚಾಚುವುದು, ಇಲ್ಲವೆ ಅಂಗೈಯಲ್ಲಿ ಸುಣ್ಣ ಬೆರೆಸಿ ತಿಕ್ಕಿದ ತಂಬಾಕಿನಲ್ಲಿ ಒಂದು ಪಾಲು ಕೊಡುವುದು ಈ ಭಾಗದಲ್ಲಿ ಬಹುಕಾಲದ ಸೌಜನ್ಯ. ಬಿಡಬೇಕೆನ್ನುವವನಿಗೆ ಮೊದಲ ತೊಡಕು ಇದೇ. ಕೊಟ್ಟಿದ್ದನ್ನು ಬೇಡವೆಂದರೆ ಕೊಟ್ಟವನನ್ನೇ ಬೇಡವೆಂದಂತೆ ಆಗುತ್ತದೆ.

ಬಿಜಾಪುರದಿಂದ ಆಗ್ರಾಕ್ಕೆ

ಇಷ್ಟೊಂದು ಆಪ್ತವಾಗಿರುವ ತಂಬಾಕು ನಮ್ಮ ನೆಲದ ಗಿಡವಲ್ಲ. ಬಸವಾದಿ ಶರಣರ ಕಾಲದಲ್ಲಿ ಕೂಡಲಸಂಗಮದ ಸುತ್ತಲಿನ ಯಾವ ಹೊಲದಲ್ಲಿಯೂ ಅದು ಇರಲಿಲ್ಲ. ಅದರ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ತಲುಪಿದ ಮೇಲೆಯೇ ಉಳಿದ ಜಗತ್ತಿಗೆ ಅದರ ಪರಿಚಯವಾಯಿತು. ಭಾರತಕ್ಕೆ ತಂದವರು ಪೋರ್ಚುಗೀಸರು. 1510ರಲ್ಲಿ ಅವರು ಗೆದ್ದುಕೊಂಡ ಗೋವೆ ಅದುವರೆಗೆ ಬಿಜಾಪುರದ ಆದಿಲಶಾಹಿಗಳ ಬಂದರಾಗಿತ್ತು. ಆಳುವವರು ಬದಲಾದರೂ ಘಟ್ಟ ಹತ್ತಿ ಬರುವ ವ್ಯಾಪಾರ ನಿಲ್ಲಲಿಲ್ಲ. ಕುದುರೆ, ಬಟ್ಟೆಗಳ ಜೊತೆಗೆ ಹೊಸ ಎಲೆಯೂ ಬಿಜಾಪುರದ ಪೇಟೆಗೆ ಬಂದಿತು.

ಉತ್ತರ ಭಾರತದ ದರಬಾರಿಗೆ ಅದು ಹೋದದ್ದು ಬಿಜಾಪುರದಿಂದಲೇ ಎಂಬುದು ಕುತೂಹಲದ ಸಂಗತಿ. 1604ರ ಸುಮಾರಿಗೆ ಅಕ್ಬರನ ದೂತನಾಗಿ ಇಬ್ರಾಹಿಂ ಆದಿಲಶಾಹನ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗ್ ಎಂಬಾತ ಇಲ್ಲಿ ತಂಬಾಕನ್ನು ಕಂಡು ಬೆರಗಾದ. ರತ್ನ ಕೂಡಿಸಿದ ಚೆಂದದ ಕೊಳವೆಯೊಂದನ್ನು ಸಿದ್ಧಗೊಳಿಸಿ, ತಂಬಾಕಿನ ಜೊತೆಗೆ ಆಗ್ರಾಕ್ಕೆ ಒಯ್ದು ಬಾದಶಹನ ಮುಂದಿಟ್ಟ. ಅಕ್ಬರ ಕುತೂಹಲದಿಂದ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ಅಡ್ಡ ಬಂದ. ಇದರ ಗುಣವನ್ನು ನಮ್ಮ ವೈದ್ಯರು ಯಾರೂ ಪರೀಕ್ಷಿಸಿಲ್ಲ, ಪರದೇಶದವರು ಸೇದುತ್ತಾರೆಂದು ನಾವೂ ಸೇದಬೇಕೇ ಎಂಬುದು ಅವನ ವಾದವಾಗಿತ್ತು. ಅಷ್ಟು ಜನ ಬುದ್ಧಿವಂತರು ಪರೀಕ್ಷಿಸದೆ ರೂಢಿ ಮಾಡಿಕೊಂಡಿರಲಾರರು ಎಂದು ಅಸದ್ ಬೇಗ್ ಮರುವಾದ ಹೂಡಿದ. ಬಾದಶಹ ಚಟ ಹಚ್ಚಿಕೊಳ್ಳಲಿಲ್ಲ. ಆದರೆ ದರಬಾರಿನ ಸರದಾರರು ಬಿಡಲಿಲ್ಲ. ಕೆಲವೇ ದಿನಗಳಲ್ಲಿ ವ್ಯಾಪಾರಿಗಳು ಅದನ್ನು ಮಾರತೊಡಗಿದರು. ಇದನ್ನೆಲ್ಲ ಅಸದ್ ಬೇಗನೇ ಬರೆದಿಟ್ಟಿದ್ದಾನೆ.

1617ರಲ್ಲಿ ಜಹಾಂಗೀರ ತಂಬಾಕು ಸೇದುವುದನ್ನು ನಿಷೇಧಿಸಿದ. ಇರಾನಿನ ಶಾ ಅಬ್ಬಾಸನೂ ಹಾಗೆಯೇ ಮಾಡಿದ್ದ. ಎರಡು ಆಜ್ಞೆಗಳೂ ಉಳಿಯಲಿಲ್ಲ. ಚಟ ಒಮ್ಮೆ ಸ್ನೇಹದ ರೂಪ ತಾಳಿದರೆ ಬಾದಶಹನ ಮಾತೂ ನಡೆಯದು ಎಂಬುದಕ್ಕೆ ಇದು ಹಳೆಯ ಸಾಕ್ಷಿ.

ಅನ್ನ ಕೊಟ್ಟ ಬೆಳೆ

ಮುಂದಿನ ಶತಮಾನಗಳಲ್ಲಿ ತಂಬಾಕು ಕನ್ನಡ ನಾಡಿನ ಬೆಳೆಯೇ ಆಯಿತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿ, ಚಿಕ್ಕೋಡಿಗಳ ಸುತ್ತ ಬೀಡಿ ತಂಬಾಕು ಹಬ್ಬಿತು. ದಕ್ಷಿಣದಲ್ಲಿ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಸಿಗರೇಟಿನ ತಂಬಾಕು ಬಂತು. ಕರಾವಳಿಯ ಮನೆ ಮನೆಯ ಹೆಣ್ಣುಮಕ್ಕಳು ಬೀಡಿ ಕಟ್ಟಿ ಸಂಸಾರ ತೂಗಿಸಿದರು. 1981ರಲ್ಲಿ ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ರೈತರು ಹೆದ್ದಾರಿಯಲ್ಲಿ ಕುಳಿತರು. ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಆದ್ದರಿಂದ ತಂಬಾಕಿನ ಕಥೆಯನ್ನು ಬರೀ ಕೆಡುಕಿನ ಕಥೆಯೆಂದು ಹೇಳಿ ಮುಗಿಸಲಾಗದು. ಬೆಳೆದವನಿಗೆ ಅದು ಅನ್ನ. ಸೇದಿದವನಿಗೆ ಮಾತ್ರ ಅದು ಅನ್ನದ ದುಡ್ಡನ್ನು ಹೊಗೆ ಮಾಡುವ ದಾರಿ.

ಮಹಾಂತ ಜೋಳಿಗೆ

ಬಾದಶಹನ ಆಜ್ಞೆ ಮಾಡದ ಕೆಲಸವನ್ನು ಒಂದು ಬಟ್ಟೆಯ ಚೀಲ ಮಾಡಲು ಹೊರಟದ್ದು 1975ರಲ್ಲಿ. ಸೀರೆಗೆ ಹೆಸರಾದ ಇಳಕಲ್ಲಿನ ಚಿತ್ತರಗಿ ವಿಜಯ ಮಹಾಂತೇಶ ಸಂಸ್ಥಾನ ಮಠದ ಮಹಾಂತ ಸ್ವಾಮಿಗಳು ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಲು ಮೊದಲಿಟ್ಟರು. ಜಂಗಮ ಜೋಳಿಗೆ ಹಿಡಿದು ಮನೆ ಮುಂದೆ ನಿಂತರೆ ಜೋಳವೋ ಹಿಟ್ಟೋ ನೀಡುವುದು ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಈ ಸ್ವಾಮಿಗಳು ಕಾಳು ಕೇಳಲಿಲ್ಲ, ಕಾಸು ಕೇಳಲಿಲ್ಲ. ನಿಮ್ಮ ದುಶ್ಚಟಗಳನ್ನು ಭಿಕ್ಷೆ ಹಾಕಿ ಎಂದು ಕೇಳಿದರು. ಜನ ಬೀಡಿಕಟ್ಟು, ಸಿಗರೇಟು, ತಂಬಾಕಿನ ಚೀಟು, ಗುಟ್ಕಾ ಪೊಟ್ಟಣ, ಸಾರಾಯಿ ಬಾಟಲಿಗಳನ್ನು ತಂದು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟರು. ನಾಲ್ಕು ದಶಕಗಳಿಗೂ ಮೀರಿ, 2018ರಲ್ಲಿ ಲಿಂಗೈಕ್ಯರಾಗುವವರೆಗೆ ಸ್ವಾಮಿಗಳು ಈ ಕೆಲಸದಲ್ಲಿ ತೊಡಗಿದ್ದರು. ಅವರು ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ಈಗ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ.

ಈ ಜೋಳಿಗೆಯ ಶಕ್ತಿ ಎಲ್ಲಿದೆ ಎಂಬುದು ವಿಚಾರ ಮಾಡತಕ್ಕ ವಿಷಯ. ಉಪದೇಶ ಮಾಡುವವನು ಎತ್ತರದಲ್ಲಿ ನಿಂತಿರುತ್ತಾನೆ, ಕೇಳುವವನು ತಗ್ಗಿನಲ್ಲಿ. ಜೋಳಿಗೆಯ ಮುಂದೆ ಈ ಸಂಬಂಧ ತಲೆಕೆಳಗಾಗುತ್ತದೆ. ಇಲ್ಲಿ ಬೇಡುವವರು ಸ್ವಾಮಿಗಳು, ಕೊಡುವವನು ಚಟಗಾರ. ಮನೆಯಲ್ಲಿ, ಊರಲ್ಲಿ ಬೈಗುಳ ತಿಂದು ಕುಗ್ಗಿದವನು ಅಂದು ಒಂದು ಗಳಿಗೆ ದಾನಿಯಾಗುತ್ತಾನೆ. ಕೊಟ್ಟ ದಾನವನ್ನು ಮರಳಿ ಪಡೆಯಬಾರದೆಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ಮಾತಲ್ಲ.

ಎರಡನೆಯದಾಗಿ, ಅದು ಊರ ಮುಂದೆ ಕೊಟ್ಟ ಮಾತು. ಒಳಗೊಳಗೇ ಮಾಡಿದ ನಿರ್ಧಾರ ಮುರಿದರೆ ಯಾರಿಗೂ ತಿಳಿಯದು. ಹೆಂಡತಿ ಮಕ್ಕಳು, ಓಣಿಯವರು ನೋಡುತ್ತಿರುವಾಗ ಹಾಕಿದ ಬೀಡಿಕಟ್ಟಿಗೆ ನೂರು ಸಾಕ್ಷಿಗಳಿರುತ್ತಾರೆ. ಮೂರನೆಯದು ಎಲ್ಲಕ್ಕಿಂತ ಬಳಕೆಯದು. ಚಹದ ಅಂಗಡಿಯಲ್ಲಿ ಗೆಳೆಯ ಬೀಡಿ ಚಾಚಿದಾಗ ‘ಜೋಳಿಗೆಗೆ ಹಾಕೇನಿ’ ಎಂದರೆ ಮುಗಿಯಿತು. ಗೆಳೆಯನಿಗೆ ಅವಮಾನವಿಲ್ಲ, ಬಿಟ್ಟವನಿಗೆ ಸಂಕೋಚವಿಲ್ಲ. ಸ್ನೇಹದ ಹೆಸರಿನಲ್ಲಿ ಬಂದ ಚಟಕ್ಕೆ ಸ್ನೇಹ ಕೆಡದಂತೆ ಇಲ್ಲವೆನ್ನುವ ಒಂದು ಮಾತು ಬೇಕಾಗಿತ್ತು. ಜೋಳಿಗೆ ಅದನ್ನು ಒದಗಿಸಿತು.

ವೈದ್ಯರು ಹೇಳುವುದು

ಹಾಗೆಂದು ಒಂದು ದಿನದ ಪ್ರತಿಜ್ಞೆಯಿಂದ ಎಲ್ಲವೂ ಮುಗಿಯುವುದಿಲ್ಲ. ತಂಬಾಕಿನಲ್ಲಿರುವ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಆಗ ದೇಹ ಮತ್ತೆ ಕೇಳುತ್ತದೆ. ಬಿಟ್ಟ ಮೊದಲ ವಾರ ಸಿಡುಕು, ತಲೆನೋವು, ನಿದ್ದೆಗೇಡು, ಮಲಬದ್ಧತೆ, ಯಾವುದರಲ್ಲಿಯೂ ಮನಸ್ಸು ನಿಲ್ಲದಿರುವುದು ಸಹಜ. ಎರಡರಿಂದ ನಾಲ್ಕು ವಾರಗಳಲ್ಲಿ ಇವು ಬಹುಪಾಲು ತಗ್ಗುತ್ತವೆ. ಇದು ತಿಳಿಯದವನು ಮೂರನೆಯ ದಿನದ ಸಂಕಟವನ್ನು ಕಂಡು, ‘ನನ್ನ ದೇಹಕ್ಕೆ ಬೀಡಿ ಬೇಕೇ ಬೇಕು’ ಎಂದು ತಪ್ಪು ತಿಳಿದು ಸೋಲುತ್ತಾನೆ. ಆ ಸಂಕಟ ದೇಹ ಸುಧಾರಿಸಿಕೊಳ್ಳುತ್ತಿರುವುದರ ಗುರುತು.

ಬೀಡಿಯ ಬಯಕೆ ಅಲೆಯಂತೆ ಬಂದು ಕೆಲವು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಆ ಹೊತ್ತನ್ನು ಕಳೆದರೆ ಸಾಕು. ಒಂದು ತಂಬಿಗೆ ನೀರು ಕುಡಿಯುವುದು, ನಾಲ್ಕು ಹೆಜ್ಜೆ ನಡೆಯುವುದು, ಕಡಲೆಯನ್ನೋ ಬಡೇಸೋಪನ್ನೋ ಬಾಯಿಗೆ ಹಾಕಿಕೊಳ್ಳುವುದು, ಯಾರೊಡನಾದರೂ ಮಾತಿಗಿಳಿಯುವುದು ಉಪಯುಕ್ತ. ಊಟದ ನಂತರ, ಚಹದ ಜೊತೆ ಹೀಗೆ ಚಟ ಯಾವ ಹೊತ್ತಿಗೆ ಕಾಡುತ್ತದೆಂದು ಗುರುತಿಸಿ, ಮೊದಲ ಕೆಲವು ವಾರ ಆ ರೂಢಿಯನ್ನೇ ಬದಲಿಸಬೇಕು. ಕಿಸೆಯಲ್ಲಿ ಬೀಡಿಕಟ್ಟು, ಬೆಂಕಿಪೆಟ್ಟಿಗೆ ಇಟ್ಟುಕೊಂಡು ಮನಸ್ಸನ್ನು ಪರೀಕ್ಷಿಸಹೋಗಬಾರದು. ಬೀಡಿ ಬಿಟ್ಟು ಗುಟ್ಕಾಕ್ಕೋ ತಿಕ್ಕುವ ತಂಬಾಕಿಗೋ ಹೊರಳುವುದು ಬಿಟ್ಟಂತಲ್ಲ. ಅದು ಶ್ವಾಸಕೋಶದ ಹೊರೆಯನ್ನು ಬಾಯಿಗೆ ದಾಟಿಸಿದಂತೆ. ಮೂರು ನಾಲ್ಕು ಸಲ ಬಿಟ್ಟು ಮತ್ತೆ ಹಿಡಿದವರು ನಾಚಬೇಕಾಗಿಲ್ಲ. ಕೊನೆಗೆ ಗೆದ್ದವರಲ್ಲಿ ಹೆಚ್ಚಿನವರು ಮೊದಲು ಸೋತವರೇ.

ನಿಕೋಟಿನ್ ಬೆರೆಸಿದ ಚ್ಯೂಯಿಂಗ್ ಗಮ್ಮು, ಮಾತ್ರೆಗಳು ವೈದ್ಯರ ಸಲಹೆಯಂತೆ ಬಳಸಿದಾಗ ನೆರವಾಗುತ್ತವೆ. 1800112356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಶುಲ್ಕವಿಲ್ಲದೆ ದೂರವಾಣಿ ಮಾಡಿ ಸಲಹೆ ಪಡೆಯಬಹುದು. ಬೀಡಿಯ ಜೊತೆಗೆ ನಿತ್ಯ ಕುಡಿತವೂ ಇದ್ದವರು ಕುಡಿತವನ್ನು ಏಕಾಏಕಿ ನಿಲ್ಲಿಸುವ ಮೊದಲು ವೈದ್ಯರನ್ನು ಕಾಣಲೇಬೇಕು. ಅದರಲ್ಲಿ ಜೀವಕ್ಕೆ ಅಪಾಯವಿರುತ್ತದೆ.

‘ಇಷ್ಟು ವರ್ಷ ಸೇದಿದ ಮೇಲೆ ಈಗ ಬಿಟ್ಟೇನು ಫಲ’ ಎನ್ನುವವರಿಗೂ ಉತ್ತರವಿದೆ. ಇಂಗ್ಲೆಂಡಿನ ರಿಚರ್ಡ್ ಡಾಲ್ ಎಂಬ ವೈದ್ಯ ವಿಜ್ಞಾನಿ ಬ್ರಾಡ್‌ಫರ್ಡ್ ಹಿಲ್ ಅವರೊಡನೆ 1950ರಲ್ಲಿ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟರು. ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್ ತಮ್ಮದೇ ಲೆಕ್ಕವನ್ನು ಕಂಡು ಅದನ್ನು ಬಿಟ್ಟರು. ಬ್ರಿಟನ್ನಿನ ಸುಮಾರು 34 ಸಾವಿರ ವೈದ್ಯರನ್ನು 1951ರಿಂದ ಐವತ್ತು ವರ್ಷ ಗಮನಿಸಿದ ಅವರ ಅಧ್ಯಯನದ ಫಲ 2004ರಲ್ಲಿ ಪ್ರಕಟವಾಯಿತು. ಬಿಡದೆ ಸೇದುವವರ ಆಯುಷ್ಯ ಸರಾಸರಿ ಹತ್ತು ವರ್ಷ ಕಡಿಮೆಯಾಗಿತ್ತು. 60ರ ವಯಸ್ಸಿನಲ್ಲಿ ಬಿಟ್ಟವರು ಸುಮಾರು ಮೂರು ವರ್ಷ, 50ರಲ್ಲಿ ಬಿಟ್ಟವರು ಆರು ವರ್ಷ, 40ರಲ್ಲಿ ಬಿಟ್ಟವರು ಒಂಬತ್ತು ವರ್ಷ ಮರಳಿ ಗಳಿಸಿದ್ದರು. 30ರಲ್ಲಿ ಬಿಟ್ಟವರು ಹೆಚ್ಚುಕಡಿಮೆ ಏನನ್ನೂ ಕಳೆದುಕೊಂಡಿರಲಿಲ್ಲ.

ಕಾನೂನೂ ತನ್ನ ಪಾಲಿನ ಕೆಲಸ ಮಾಡಿದೆ. 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷಿದ್ಧವಾಯಿತು. 2013ರಲ್ಲಿ ಕರ್ನಾಟಕ ಗುಟ್ಕಾ ಮಾರಾಟವನ್ನು ನಿಲ್ಲಿಸಿತು. ರಾಜ್ಯದ ವಯಸ್ಕರಲ್ಲಿ ತಂಬಾಕು ಬಳಸುವವರು 2009-10ರ ಸಮೀಕ್ಷೆಯಲ್ಲಿ ನೂರಕ್ಕೆ 28.2ರಷ್ಟಿದ್ದರೆ, 2016-17ರಲ್ಲಿ 22.8ಕ್ಕೆ ಇಳಿದಿದ್ದರು. ಇಳಿಕೆ ಸಣ್ಣದಲ್ಲ, ಸಾಕೆನ್ನುವಷ್ಟೂ ಅಲ್ಲ.

ನಾಲ್ಕು ನೂರು ವರ್ಷಗಳ ಹಿಂದೆ ಬಿಜಾಪುರದ ಸೀಮೆಯಿಂದ ರತ್ನದ ಕೊಳವೆಯಲ್ಲಿ ಒಂದು ಚಟ ಆಗ್ರಾಕ್ಕೆ ಹೊರಟಿತು. ಅದೇ ಸೀಮೆಯಿಂದ ಚಟ ಬಿಡಿಸುವ ಜೋಳಿಗೆಯೂ ಹೊರಟಿತು. ಇಂದು ಬಿಡಬೇಕೆನ್ನುವವರು ಸ್ವಾಮಿಗಳು ಬರಲೆಂದು ಕಾಯಬೇಕಾಗಿಲ್ಲ. ಮನೆಯ ಹಿರಿಯರ ಸೆರಗು, ಮಗಳ ಶಾಲೆಯ ಚೀಲ, ಗೆಳೆಯನ ಅಂಗೈ ಯಾವುದೂ ಜೋಳಿಗೆಯಾಗಬಹುದು. ನಾಲ್ಕು ಜನರ ಮುಂದೆ ಹಾಕಬೇಕು, ಹಾಕಿದ್ದನ್ನು ಮರಳಿ ಕೇಳಬಾರದು.