ಹಳೆಯ ವ್ಯವಸ್ಥೆ, ಹೊಸ ಯಂತ್ರ: ವಿಂಡೋಸ್ 95ರ ಒಂದು ದೋಷದ ವಿಚಾರ

ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನು ಹೊಸ ಗಣಕಯಂತ್ರದಲ್ಲಿ ಸ್ಥಾಪಿಸಹೊರಟವರಿಗೆ ಒದಗುವ ತೊಡಕುಗಳು ಒಂದೇ ಬಗೆಯವಲ್ಲ. 2009ರ ವಿಂಡೋಸ್ 7 ಅನ್ನು 2015ರ ಸ್ಕೈಲೇಕ್ ಯಂತ್ರಗಳಲ್ಲಿ ಸ್ಥಾಪಿಸುವಾಗ ಯುಎಸ್‌ಬಿ ಕೀಲಿಮಣೆಯೂ ಮೌಸ್ ಕೂಡ ನಿಶ್ಚೇಷ್ಟಿತವಾಗುತ್ತಿದ್ದುವು. ಹೊಸ ಯುಎಸ್‌ಬಿ ನಿಯಂತ್ರಕಕ್ಕೆ ಬೇಕಾದ ಡ್ರೈವರ್ ಹಳೆಯ ಡಿಸ್ಕಿನಲ್ಲಿ ಇರಲಿಲ್ಲ. ಇದು ಅಪರಿಚಯದ ದೋಷ. ಪರಿಚಯ ಮಾಡಿಕೊಟ್ಟರೆ ನೀಗುತ್ತದೆ. ನಾವಿಲ್ಲಿ ವಿಚಾರಿಸಬೇಕೆಂದಿರುವುದು ಇದಕ್ಕಿಂತ ಸೂಕ್ಷ್ಮವಾದದ್ದು.

ವಿಂಡೋಸ್ 95 ಹೊರಬಂದದ್ದು 1995ರ ಆಗಸ್ಟ್ 24ರಂದು. 386 ಪ್ರೊಸೆಸರ್ ಮತ್ತು 4 ಮೆಗಾಬೈಟ್ ಮೆಮೊರಿ ಇದ್ದರೆ ಅದಕ್ಕೆ ಸಾಕಾಗಿತ್ತು. 1998ರಲ್ಲಿ ಎಎಮ್‌ಡಿ ಸಂಸ್ಥೆಯ ಕೆ6-2 ಪ್ರೊಸೆಸರ್ 350 ಮೆಗಾಹರ್ಟ್ಸ್ ವೇಗವನ್ನು ಮುಟ್ಟಿದಾಗ, ಈ ವ್ಯವಸ್ಥೆ ಆರಂಭದಲ್ಲಿಯೇ ದೋಷಸೂಚನೆ ತೋರಿ ನಿಂತುಬಿಡತೊಡಗಿತು. ಅದೇ ವೇಗದ ಇಂಟೆಲ್ ಯಂತ್ರಗಳಲ್ಲಿ ಈ ತೊಡಕು ಕಾಣಲಿಲ್ಲ. ಆದಕಾರಣ ತಪ್ಪು ಎಎಮ್‌ಡಿಯದೇ ಎಂದು ತೋರುವುದು ಸಹಜ. ಆದರೆ ಪ್ರಮಾಣಗಳನ್ನು ಪರಿಶೀಲಿಸಿದರೆ ಈ ಆರೋಪ ನಿಲ್ಲುವುದಿಲ್ಲ.

ಹೊರಗಿನ ಸಾಧನಗಳಿಗಾಗಿ ಎಷ್ಟು ಹೊತ್ತು ಕಾಯಬೇಕೆಂಬುದನ್ನು ನಿರ್ಧರಿಸಲು ವ್ಯವಸ್ಥೆ ಮೊದಲು ಪ್ರೊಸೆಸರಿನ ವೇಗವನ್ನು ಅಳೆಯುತ್ತಿತ್ತು. ಒಂದು ಆದೇಶವನ್ನು ನಿಯತ ಸಂಖ್ಯೆಯಷ್ಟು ಬಾರಿ ಆವರ್ತಿಸಿ, ಅದಕ್ಕೆ ಹಿಡಿದ ಕಾಲವನ್ನು ಭಾಜಕವಾಗಿಟ್ಟು ಲೆಕ್ಕ ಹಾಕುವುದು ಅದರ ಕ್ರಮ. ಆ ಆದೇಶವನ್ನು ಕೆ6-2 ಇಂಟೆಲ್ಲಿಗಿಂತ ಬಹು ಶೀಘ್ರವಾಗಿ ನೆರವೇರಿಸುತ್ತಿತ್ತು. ಕಾಲ ಅತ್ಯಲ್ಪವಾದೊಡನೆ ಭಾಗಾಕಾರವೇ ಕೆಟ್ಟಿತು. ಎಂದರೆ, ಯಂತ್ರದ ಗುಣವೇ ದೋಷವೆನಿಸಿಕೊಂಡಿತು! ಮುಂದೆ 2.1 ಗಿಗಾಹರ್ಟ್ಸ್ ದಾಟಿದ ಪ್ರೊಸೆಸರುಗಳು ಬಂದಾಗ, ಇದೇ ವ್ಯವಸ್ಥೆಯ ಜಾಲಸಂಪರ್ಕದ ಭಾಗದಲ್ಲಿಯೂ ಶೂನ್ಯದಿಂದ ಭಾಗಿಸುವ ಇದೇ ಜಾತಿಯ ದೋಷ ಪ್ರಕಟವಾಯಿತು. ತಯಾರಕನ ಹೆಸರಲ್ಲ, ವೇಗವೇ ಕಾರಣವೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ತೇದಿಯಿಲ್ಲದ ಶಾಸನದ ಕಾಲವನ್ನು ನಾವು ಲಿಪಿಯಿಂದ ಊಹಿಸುತ್ತೇವೆ. ಈ ದೋಷವೂ ಅಂಥ ಒಂದು ಲಿಪಿಯೇ. ಬರೆದವರ ಕಲ್ಪನೆಗೆ ನಿಲುಕಿದ್ದ ವೇಗದ ಮಿತಿಯನ್ನು ಅದರಲ್ಲಿ ಓದಬಹುದು.

ಹಿಂದಿನವರಿಗೆ ಇಂಥ ದೂರದೃಷ್ಟಿಯೇ ಇರಲಿಲ್ಲವೆನ್ನುವಂತಿಲ್ಲ. 1964ರಲ್ಲಿ ಐಬಿಎಂ ಸಂಸ್ಥೆ ಸಿಸ್ಟಂ/360 ಶ್ರೇಣಿಯನ್ನು ಪ್ರಕಟಿಸಿದಾಗ, 1959ರ ತನ್ನ 1401 ಯಂತ್ರದ ಕ್ರಮವಿಧಿಗಳನ್ನು ನಡೆಸುವ ಸೌಕರ್ಯವನ್ನು ಶ್ರೇಣಿಯ ಕೆಲವು ಮಾದರಿಗಳಲ್ಲಿಯೇ ಅಳವಡಿಸಿತ್ತು. ಅಲ್ಲಿ ಹೊಸ ಯಂತ್ರವೇ ಹಳೆಯದರ ವೇಷ ಧರಿಸುತ್ತಿತ್ತು.

ಈಗ ಆ ಕೆಲಸವನ್ನು ಮಾಡುವುದು ವರ್ಚುವಲ್ ಯಂತ್ರ. ಹಳೆಯ ಕಡತಗಳನ್ನು ಅವುಗಳ ಕಾಲದ ತಂತ್ರಾಂಶದಲ್ಲಿಯೇ ತೆರೆದು ನೋಡಬೇಕಾದ ಸಂಶೋಧಕರಿಗೆ ಇದು ದೊಡ್ಡ ಆಸರೆ. ಆದರೂ ತಿದ್ದುಪಡಿಯಿಲ್ಲದ ವಿಂಡೋಸ್ 95 ಅಲ್ಲಿಯೂ ಮುಗ್ಗರಿಸುತ್ತದೆ. ಡಿಸ್ಕು, ಪರದೆ, ಕೀಲಿಮಣೆಗಳೆಲ್ಲ 1995ರವೇ ಎಂದು ಅದನ್ನು ನಂಬಿಸಬಹುದು. ಆದರೆ ಅದರ ಆವರ್ತನೆಯನ್ನು ನಡೆಸುವುದು ಇಂದಿನ ಪ್ರೊಸೆಸರೇ.