ಇಪ್ಪತ್ತೈದು ಎಲೆಗಳ ಕಟ್ಟು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯಕ್ಕೆ 1927ರಲ್ಲಿ ಬಂದ ಜೆ. ಬಿ. ರೈನ್ ಮಹಾಶಯರು, ಸಸ್ಯಶಾಸ್ತ್ರದಲ್ಲಿ ಪಡೆದ ಡಾಕ್ಟರೇಟ್ ಪದವಿಯ ಸುಭದ್ರ ಮಾರ್ಗವನ್ನು ತೊರೆದು, ಪ್ರೇತಾವಾಹನೆಯ ಕತ್ತಲೆಕೋಣೆಗಳಲ್ಲಿ ಸಿಲುಕಿದ್ದ ಅತೀಂದ್ರಿಯ ಜಿಜ್ಞಾಸೆಯನ್ನು ಪ್ರಯೋಗಶಾಲೆಯ ಹಗಲುಬೆಳಕಿಗೆ ತರಲೆಳಸಿದುದು ಸಾಮಾನ್ಯ ಸಾಹಸವಲ್ಲ. ವೃತ್ತ, ಶಿಲುಬೆ, ಅಲೆ, ಚೌಕ, ನಕ್ಷತ್ರಗಳ ಚಿಹ್ನೆಯನ್ನು ತಳೆದ 25 ಇಸ್ಪೀಟಿನಂಥ ಎಲೆಗಳ ಕಟ್ಟೊಂದೇ ಅವರ ಮುಖ್ಯ ಉಪಕರಣ. ಕಾಣದ ಎಲೆಯ ಚಿಹ್ನೆಯನ್ನು ಹೇಳುವ ಈ ಪರೀಕ್ಷೆಯಲ್ಲಿ ಬರಿಯ ಊಹೆಗೆ ಸರಾಸರಿ 5 ಎಲೆಗಳಷ್ಟೇ ಸರಿಹೊಂದುವುವು. 1933-34ರಲ್ಲಿ ಪಿಯರ್ಸ್ ಎಂಬ ದೇವತಾಶಾಸ್ತ್ರದ ವಿದ್ಯಾರ್ಥಿಯು ಗ್ರಂಥಾಲಯದಲ್ಲಿ ಕುಳಿತು, ಮತ್ತೊಂದು ಕಟ್ಟಡದಲ್ಲಿ ಪ್ರ್ಯಾಟ್ ಎಂಬವರು ನಿಮಿಷಕ್ಕೊಂದರಂತೆ ಬೋರಲಾಗಿಟ್ಟ ಎಲೆಗಳನ್ನು ಕಾಣದೆಯೇ ಹೆಸರಿಸುತ್ತ, 1850 ಯತ್ನಗಳಲ್ಲಿ, 370ರ ನಿರೀಕ್ಷೆಯನ್ನು ಮೀರಿ, 558 ಸಲ ಸರಿಯಾಗಿ ನುಡಿದನೆಂದು ದಾಖಲಾಯಿತು. ಆ ಅಂಕೆಗಳನ್ನು ನೋಡುವಾಗ ಮನಸ್ಸು ಪುಲಕಗೊಳ್ಳುವುದು ನಿಜ. ಆದರೆ ಗ್ರಂಥಾಲಯದಲ್ಲಿದ್ದ ವಿದ್ಯಾರ್ಥಿಯ ಮೇಲೆ ಯಾರ ಕಾವಲೂ ಇರಲಿಲ್ಲವೆಂಬ ವಿಮರ್ಶಕ ಹ್ಯಾನ್ಸೆಲ್‌ರ ಆಕ್ಷೇಪವು ನನಗೆ ಇಂದಿಗೂ ಪ್ರಬಲವಾಗಿಯೇ ತೋರುತ್ತದೆ.

ಈ ಜಿಜ್ಞಾಸೆಯನ್ನು ಭಾರತದಲ್ಲಿ ಮುಂದುವರಿಸಿದವರೂ ಉಂಟು. ರೈನರೊಡನೆ ದುಡಿದ ಕೆ. ರಾಮಕೃಷ್ಣರಾಯರು 1967ರಲ್ಲಿ ವಾಲ್ಟೇರಿನ ಆಂಧ್ರ ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ಹಾಗೂ ಪರಾಮನೋವಿಜ್ಞಾನ ವಿಭಾಗವನ್ನು ಸ್ಥಾಪಿಸಿದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿದ್ದ ಸತ್ವಂತ್ ಪಸ್ರೀಚಾ ಅವರಾದರೋ, ಚಿಕಿತ್ಸಾ ಮನೋವಿಜ್ಞಾನವನ್ನು ವೃತ್ತಿಯಾಗಿರಿಸಿಕೊಂಡೇ, ಪೂರ್ವಜನ್ಮವನ್ನು ಸ್ಮರಿಸುವೆವೆನ್ನುವ ಮಕ್ಕಳ ಹೇಳಿಕೆಗಳನ್ನು ಊರೂರು ಅಲೆದು ಪರಿಶೀಲಿಸಿದರು.