ಕಾಪುವಿನ ಚಿಕ್ಕಮ್ಮ, ಗ್ರೀಕ್ ಪ್ರಹಸನ ಮತ್ತು ಫ್ರೆಂಚ್ ಪಾಠ

ಹೋದ ತಿಂಗಳು ಕಾಪುವಿನಿಂದ ಚಿಕ್ಕಮ್ಮನ ಫೋನು. "ಮಗಾ, ಮನೆಯಲ್ಲೇ ಕೂತು ಫ್ರೆಂಚ್ ಕಲೀಲಿಕ್ಕೆ ಒಂದು ಒಳ್ಳೆ ಪುಸ್ತಕ ತಂದುಕೊಡು."

ನಾನು ನಕ್ಕೆ. ಅವರು ನಗಲಿಲ್ಲ. ಮಗ ಫ್ರಾನ್ಸಿನ ಲಿಯಾನ್‌ನಲ್ಲಿದ್ದಾನೆ, ಸೊಸೆ ಅಲ್ಲಿಯವಳೇ. ನಾಲ್ಕು ವರ್ಷದ ಪುಳ್ಳಿಗೆ ಫ್ರೆಂಚ್ ಬಿಟ್ಟರೆ ಬೇರೆ ಮಾತು ಬಾರದು. ಭಾನುವಾರದ ವೀಡಿಯೋ ಕಾಲ್‌ನಲ್ಲಿ ಅವನು ಏನೋ ಹೇಳ್ತಾನೆ, ಇವರು ಹ್ಞಾಂ ಹ್ಞಾಂ ಅಂತಾರೆ. "ಈ ಅಜ್ಜಿ ಸುಮ್ಮನೆ ಹ್ಞಾಂ ಅಂತಾಳೆ ಅಂತ ಅವನಿಗೆ ಗೊತ್ತಾಗಿದೆ ಮಾರಾಯ. ಈಗ ಫೋನು ಕಂಡ್ರೆ ಓಡ್ತಾನೆ" ಅಂದರು.

ಮಣಿಪಾಲದ ಮಾಹೆಯಲ್ಲಿ ಫ್ರೆಂಚ್ ಕಲಿಸುತ್ತಾರೆ. (ಕರಾವಳಿಯಲ್ಲಿ ಎರಡು ಮಾಹೆಗಳಿವೆ ನೋಡಿ. ಇನ್ನೊಂದು ಕಣ್ಣೂರಿನ ಆಚೆಗಿನ ಊರು, 1954ರವರೆಗೆ ಫ್ರೆಂಚರ ಕೈಯಲ್ಲೇ ಇತ್ತು.) ಆದರೆ ಮಂಡಿನೋವಿನ ಚಿಕ್ಕಮ್ಮ ಕಾಪುವಿನಿಂದ ಎರಡು ಬಸ್ಸು ಹತ್ತಿ ಕಾಲೇಜು ಮಕ್ಕಳ ಜೊತೆ ಬೆಂಚಿನಲ್ಲಿ ಕೂರುವುದು ಆಗದ ಮಾತು. ಹಾಗಾಗಿ ಮನೆಪಾಠವೇ ಗತಿ. ಅದನ್ನು ಆರಿಸುವ ಕೆಲಸ ನನ್ನ ತಲೆಗೆ ಬಂತು.

ನಮ್ಮ ಮನೆಯಲ್ಲಿ ಇದು ಮೊದಲೇನಲ್ಲ. ಕಾರ್ಕಳದ ಮಾವ ಬೊಂಬಾಯಿಯ ಹೋಟೆಲಿಗೆ ಹೋಗುವ ಮುಂಚೆ 'ಮೂವತ್ತು ದಿನಗಳಲ್ಲಿ ಹಿಂದಿ' ಥರದ ಪುಸ್ತಕವೊಂದನ್ನು ಉರು ಹೊಡೆದಿದ್ದರಂತೆ. ಅಲ್ಲಿ ಹೋಗಿ ಬಾಯಿ ಬಿಟ್ಟರೆ ಗಿರಾಕಿಗಳಿಗೆ ಒಂದಕ್ಷರ ತಿಳಿಯಲಿಲ್ಲ! ಕೊನೆಗೆ ಕಲಿತದ್ದು ಟೇಬಲ್ ಒರೆಸುತ್ತಾ, ಕಿವಿಯಿಂದ.

ಮನೆಯಲ್ಲೇ ಭಾಷೆ ಕಲಿತವರು ಅಂದಕೂಡಲೇ ನಮ್ಮ ಕಡೆಯವರಿಗೆ ನೆನಪಾಗುವುದು ಮಂಜೇಶ್ವರ ಗೋವಿಂದ ಪೈ. ತಂದೆಯ ಅನಾರೋಗ್ಯದಿಂದ ಬಿ.ಎ. ಪೂರ್ತಿ ಮಾಡದೆ ಮದ್ರಾಸಿನಿಂದ ಮರಳಿದವರು. ಆಮೇಲೆ ಮಂಜೇಶ್ವರದ ಮನೆಯೇ ವಿದ್ಯಾಪೀಠ. ಇಪ್ಪತ್ತೈದು ಭಾಷೆ ಬರುತ್ತಿತ್ತು ಅನ್ನುತ್ತಾರೆ. ಅವರು ಹುಟ್ಟಿದ್ದು 1883ರಲ್ಲಿ. ಫ್ರೆಂಚ್ ಕಲಿಸುವ ಅಲಿಯಾನ್ಸ್ ಫ್ರಾನ್ಸೇಸ್ ಸಂಸ್ಥೆ ಪ್ಯಾರಿಸ್‌ನಲ್ಲಿ ಹುಟ್ಟಿದ್ದೂ ಅದೇ ವರ್ಷ! ಪೈಗಳ ಪುಸ್ತಕ ಭಂಡಾರ ಈಗ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿ, ಅವರ ಹೆಸರಿನ ಸಂಶೋಧನ ಕೇಂದ್ರದಲ್ಲಿದೆ. ಅವರು ಕಲಿತದ್ದು ಹೆಚ್ಚಾಗಿ ಓದುವುದಕ್ಕೆ: ಶಾಸನ, ಹಳೆಯ ಗ್ರಂಥ, ಕಾಲನಿರ್ಣಯ. ಹಸ್ತಪ್ರತಿ ಯಾರ ಮಾತಿಗೂ ಕಾಯುವುದಿಲ್ಲ, ಪದಕೋಶ ತೆರೆದು ಒಂದು ಸಾಲಿಗೆ ಒಂದು ದಿನ ಕೂರಬಹುದು. ನಾಲ್ಕು ವರ್ಷದ ಹುಡುಗ ಎರಡು ಸೆಕೆಂಡು ಕಾಯುವುದಿಲ್ಲ.

ಪೈಗಳ ವಿಷಯ ಬಂದಾಗ ಆ ಗ್ರೀಕ್ ಪ್ರಹಸನವನ್ನು ಹೇಳದೆ ಇರಲಾರೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಪಪೈರಸ್. ಗ್ರೆನ್‌ಫೆಲ್ ಮತ್ತು ಹಂಟ್ 1903ರಲ್ಲಿ ಪ್ರಕಟಿಸಿದರು. ಕ್ಯಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯ ಒಬ್ಬ ರಾಜನ ಸೆರೆಯಲ್ಲಿರುತ್ತಾಳೆ. ಅವಳ ಕಡೆಯವರು ಬಂದು ರಾಜನಿಗೂ ಅವನ ಜನಕ್ಕೂ ಚೆನ್ನಾಗಿ ಕುಡಿಸಿ, ಹಡಗು ಹತ್ತಿ ಪಾರಾಗುತ್ತಾರೆ. ರಾಜನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ, ಆದರೆ ಬರೆದಿರುವುದು ಗ್ರೀಕ್ ಲಿಪಿಯಲ್ಲಿ. ಅದು ಕನ್ನಡ ಅಂದವರು ಹುಲ್ಷ್, 1904ರಲ್ಲಿ. ಪೈಗಳು ಅದರಲ್ಲಿ ನಮ್ಮ ಮಲ್ಪೆಯನ್ನು ಗುರುತಿಸಿದರು. ಅಲ್ಲ, ಅದು ತುಳು ಅಂದವರೂ ಇದ್ದಾರೆ, ಯಾವ ಭಾಷೆಯೂ ಅಲ್ಲ ಅಂದವರೂ ಇದ್ದಾರೆ.

ನೂರು ವರ್ಷ ದಾಟಿದರೂ ಜಗಳ ಮುಗಿದಿಲ್ಲ. ಯಾಕೆ? ಒಂದು ಭಾಷೆಯ ದನಿಯನ್ನು ಇನ್ನೊಂದು ಭಾಷೆಯ ಅಕ್ಷರಕ್ಕೆ ತುರುಕಿದ್ದು ಒಂದು ಮುಖ್ಯ ಕಾರಣ. ಮಾವನ ಮೂವತ್ತು ದಿನದ ಪುಸ್ತಕ ಮಾಡಿದ್ದೂ ಅದನ್ನೇ ಅಲ್ಲವೇ! ಫ್ರೆಂಚಿನ 'ತು' (ಅಂದರೆ ನೀನು) ನಿಜವಾಗಿ ತು-ವೂ ಅಲ್ಲ, ತಿ-ಯೂ ಅಲ್ಲ: ಬಾಯಲ್ಲಿ ಇ, ತುಟಿಯಲ್ಲಿ ಉ. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ. ನಾನು ಮೇಲೆ ಬರೆದ 'ಲಿಯಾನ್' ಕೂಡ ಸುಳ್ಳೇ, ಕೊನೆಯ ನ್ ಅಲ್ಲಿಲ್ಲ, ಮೂಗಿನ ದನಿ ಮಾತ್ರ.

ಆದ್ದರಿಂದ ದನಿಯಿಲ್ಲದ ಪುಸ್ತಕ ಬೇಡ ಅಂತ ತೀರ್ಮಾನಿಸಿದೆ. ದನಿಯನ್ನು ಮನೆಗೆ ತಂದವರಲ್ಲಿ ಮೊದಲಿನವರು ಲಿಂಗ್ವಾಫೋನ್‌ನವರು. ಜಾಕ್ ರಾಸ್ಟನ್ ಲಂಡನ್‌ನಲ್ಲಿ ಆ ಕಂಪನಿ ಶುರುಮಾಡಿದ್ದು 1901ರಲ್ಲಿ. ಕಾಪುವಿನ ದೀಪಸ್ತಂಭ ಕಟ್ಟಿದ್ದೂ 1901ರಲ್ಲೇ. ಚಿಕ್ಕಮ್ಮನ ಮನೆ ಅಂಗಳದಿಂದ ಅದರ ಬೆಳಕು ಕಾಣುತ್ತದೆ. 1929ರಲ್ಲಿ ಅಲ್ಫೋನ್ಸ್ ಶೆರೆಲ್ ಆರಂಭಿಸಿದ ಅಸಿಮಿಲ್‌ನದ್ದು ಇನ್ನೊಂದು ದಾರಿ: ದಿನಕ್ಕೆ ಅರ್ಧ ಗಂಟೆ, ಮೊದಲರ್ಧ ಬರೀ ಕೇಳಿ ಅರ್ಥಮಾಡಿಕೊಳ್ಳುವುದು, ಆಮೇಲೆ ಹಿಂದಿನ ಪಾಠಗಳಿಗೆ ಮರಳಿ ತಾನೇ ಹೇಳುವುದು. ಪಾಲ್ ಪಿಮ್ಸ್ಲರ್ 1967ರಲ್ಲಿ ಬರೆದದ್ದು ಮರೆವಿನ ಲೆಕ್ಕಾಚಾರ. ಹೊಸ ಪದವನ್ನು ಐದು ಸೆಕೆಂಡಿಗೆ, ಇಪ್ಪತ್ತೈದು ಸೆಕೆಂಡಿಗೆ, ಎರಡು ನಿಮಿಷಕ್ಕೆ, ಹತ್ತು ನಿಮಿಷಕ್ಕೆ... ಹೀಗೆ ಅಂತರ ಹೆಚ್ಚಿಸುತ್ತಾ ನೆನಪಿಸಬೇಕು. ಆ ಹೆಸರಿನ ಪಾಠಗಳಲ್ಲಿ ಓದುವುದು ಕಡಿಮೆ, ಕೇಳಿ ಹೇಳುವುದೇ ಹೆಚ್ಚು. ಈಗಿನ ಮೊಬೈಲ್ ಆಪ್‌ಗಳು ಬಹುಪಾಲು ಇವರೆಲ್ಲರ ಮೊಮ್ಮಕ್ಕಳು.

ನಾನು ಕಿವಿಯ ಪಾಠವನ್ನೇ ಆರಿಸಿ ಚಿಕ್ಕಮ್ಮನ ಫೋನಿಗೆ ಹಾಕಿಕೊಟ್ಟೆ. ಪಾಠ ಇಂಗ್ಲಿಷ್ ಮೂಲಕ. ಎಸ್ಸೆಸ್ಸೆಲ್ಸಿ ಇಂಗ್ಲಿಷು ಸಾಕಾಯಿತು. ಮೊದಲ ತಿಂಗಳು ಬರೆದುಕೊಳ್ಳಬಾರದು ಎಂಬ ಒಂದೇ ಶರತ್ತು.

ಮೂರನೇ ದಿನಕ್ಕೇ ಫೋನು. "ಇದೆಂಥದು ಮಗಾ? ನಿಮಗೆ ಇಂಗ್ಲಿಷ್ ಬರುತ್ತಾ, ಆ ರಸ್ತೆ ಎಲ್ಲಿ, ಹೋಟೆಲ್ ಎಲ್ಲಿ... ನನ್ನ ಪುಳ್ಳಿ ಹತ್ರ ಹೋಟೆಲ್ ಕೇಳಲಿಕ್ಕುಂಟಾ?"

ಸರಿಯೇ. ಇಂಥ ಪಾಠಗಳು ಪ್ರವಾಸಿಗಳಿಗೆ, ವ್ಯಾಪಾರಸ್ಥರಿಗೆ ಅಂತ ಬೆಳೆದು ಬಂದವು, ಎಲ್ಲರೂ ಅಪರಿಚಿತರು. ಹಾಗಾಗಿ ಎಲ್ಲ ಕಡೆ 'ವು', ಅಂದರೆ ನೀವು; ತುಳುವಿನ 'ಈರ್' ಇದ್ದ ಹಾಗೆ. ಪುಳ್ಳಿಗೆ ಯಾರಾದರೂ 'ಈರ್' ಅನ್ನುತ್ತಾರೆಯೇ? ಪ್ರೋಗ್ರಾಂ ಆರಿಸುವಾಗ ಬೆಲೆ ನೋಡಿದೆ, ವಿಧಾನ ನೋಡಿದೆ, ಇತಿಹಾಸ ಕೂಡ ನೋಡಿದೆ, ಅದರಲ್ಲಿ ಯಾರು ಯಾರ ಹತ್ತಿರ ಮಾತಾಡುತ್ತಾರೆ ಅಂತ ನೋಡಲೇ ಇಲ್ಲ!

ಪಾಠ ಬದಲಿಸಲಿಲ್ಲ, ಪಕ್ಕದಲ್ಲಿ ಇನ್ನೊಂದು ಇಟ್ಟೆವು. ಚಿಕ್ಕಮ್ಮ ತನಗೆ ಬೇಕಾದ ಹತ್ತು ಮಾತು ತುಳುವಿನಲ್ಲಿ ಹೇಳಿದರು, ಮಗ ಅರ್ಥ ತಿಳಿಸಿದ, ಸೊಸೆ ಲಿಯಾನ್‌ನಿಂದ ಅದನ್ನೇ ಫ್ರೆಂಚಿನಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಿದಳು. ಮೊದಲನೆಯದು ಯಾವುದು ಅಂತ ಹೇಳಬೇಕಾಗಿಲ್ಲ... "ಒಣಸ್ ಆಂಡಾ?" ಮೂಗಿನ ದನಿ ತರಲು ಅವರ ಹಳೆಯ 'ಹ್ಞಾಂ' ತುಂಬ ಸಹಾಯಕ್ಕೆ ಬಂತು. ಆ ಇ-ಉ ಮಾತ್ರ ಇನ್ನೂ ಕೂತಿಲ್ಲ.

ಮೊನ್ನೆ ಭಾನುವಾರ ನಾನೂ ಅಲ್ಲಿದ್ದೆ. ಚಿಕ್ಕಮ್ಮ ಕೇಳಿದರು. ಹುಡುಗ ಓಡುವವನು ನಿಂತ, ಪರದೆಗೆ ಮೂಗು ತಾಗಿಸಿ ಏನೇನೋ ಉದ್ದಕ್ಕೆ ಹೇಳಿದ. ಚಿಕ್ಕಮ್ಮ ನನ್ನ ಕಡೆ ತಿರುಗಿ, "ಎಂಥ ಹೇಳಿದ ಮಗಾ?" ಅಂದರು. ನನಗೂ ತಿಳಿಯಲಿಲ್ಲ. ಅವರು ಈ ಸಲ ಹ್ಞಾಂ ಅನ್ನಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದರು.